ಕೊರೀನ್ ಟ್ರಾಸ್ಕ್ ಊಟಕ್ಕೆ ಬಂದ ಭಾನುವಾರ

ಸೊಪ್ಪನ್ನು ಎಷ್ಟು ತೊಳೆದರೂ ಮರಳು ಹೋಗಿಲ್ಲವೇನೋ ಎಂಬ ಅನುಮಾನ ಅಲ್ಮೀಟಾಳನ್ನು ಬಿಡುತ್ತಿರಲಿಲ್ಲ. ಸಿಂಕಿನ ನೀರು ಆಗಲೇ ತಿಳಿಯಾಗಿತ್ತು. ತಳಕ್ಕೆ ಬೆರಳು ಒತ್ತಿ ನೋಡಿದರೆ ಒಂದು ಕಣವೂ ಹತ್ತುತ್ತಿರಲಿಲ್ಲ. ಆದರೂ ಕೊರೀನ್ ಟ್ರಾಸ್ಕ್ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಹಲ್ಲಿನ ನಡುವೆ ಕರಕ್ಕೆಂದು ಸದ್ದಾಗುವುದು, ಆಕೆ ಏನೂ ಹೇಳದೆ ತುಟಿ ಒರೆಸಿಕೊಳ್ಳುವುದು, ಆ ಒರೆಸಿಕೊಳ್ಳುವುದರಲ್ಲೇ ಈ ಮನೆಯ, ಈ ಊರಿನ, ತನ್ನ ಯೋಗ್ಯತೆ ಇಷ್ಟೆಂದು ತೀರ್ಮಾನವಾಗಿಬಿಡುವುದು, ಎಲ್ಲ ಆಗಲೇ ನಡೆದುಹೋಗಿದೆಯೆಂಬಂತೆ ಅವಳ ಕಿವಿ ಬಿಸಿಯಾಯಿತು. ನೀರು ಚೆಲ್ಲಿ ಮತ್ತೆ ನಲ್ಲಿ ತಿರುಗಿಸಿದಳು.

"ಸೊಪ್ಪು ತೊಳೀತಿದ್ದೀಯೋ, ಅದಕ್ಕೆ ದೀಕ್ಷಾಸ್ನಾನ ಮಾಡಿಸ್ತಿದ್ದೀಯೋ?" ಎಂದಳು ಅಕ್ಕ ಜುವೆಲ್, ಮೇಜಿನ ಬಳಿ ಕುಳಿತು ಕೋಳಿಯ ತುಂಡುಗಳನ್ನು ಹಿಟ್ಟಿನಲ್ಲಿ ಹೊರಳಿಸುತ್ತಾ. "ಇನ್ನೊಂದು ಸಲ ಮುಳುಗಿಸಿದರೆ ಅದರ ಪಾಪವೆಲ್ಲ ತೊಳೆದು ನೆಟ್ಟಗೆ ಸ್ವರ್ಗಕ್ಕೇ ಹೋಗಿಬಿಡುತ್ತೆ. ನಮಗೆ ತಿನ್ನೋಕೆ ಏನೂ ಉಳಿಯಲ್ಲ ನೋಡು."

"ಮರಳಿದೆ ಕಣೇ."

"ಮರಳಿರೋದು ನಿನ್ನ ತಲೇಲಿ. ಬರೋಳು ಒಬ್ಬ ಮುದುಕಿ, ಅಷ್ಟೇ. ಹಲ್ಲಿವೆಯೋ ಇಲ್ಲವೋ ಅದೂ ಗೊತ್ತಿಲ್ಲ."

ಬರುವವಳು ಬರೀ ಮುದುಕಿಯಲ್ಲವೆಂದು ಜುವೆಲ್‌ಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೆಳಿಗ್ಗೆಯಿಂದ ಅವಳ ನಾಲಿಗೆ ಒಂದು ನಿಮಿಷ ಬಿಡುವು ಕೊಟ್ಟಿರಲಿಲ್ಲ. ಟ್ಯಾಲ್ಮನ್ ಊರಿನ ಕರಿಯ ಜನರಲ್ಲಿ ಕೊರೀನ್ ಟ್ರಾಸ್ಕಳ ಹೆಸರನ್ನು ದನಿ ತಗ್ಗಿಸದೆ ಹೇಳುವವರೇ ಇರಲಿಲ್ಲ. ಮೂವತ್ತು ವರ್ಷಗಳ ಹಿಂದೆ, ನ್ಯೂಯಾರ್ಕಿನ ದೊಡ್ಡ ದೊಡ್ಡ ಜಾಝ್ ಕ್ಲಬ್ಬುಗಳಲ್ಲಿ ಬಿಳಿಯರು ಬಾಗಿಲಲ್ಲಿ ಸಾಲು ನಿಂತು ಕೇಳುತ್ತಿದ್ದ ಹೆಂಗಸು, ಜಾರ್ಜಿಯಾದ ಈ ಧೂಳು ಊರಿಗೆ ಬಸ್ಸಿನಲ್ಲಿ ಬಂದು, ಮೌಂಟ್ ಪಿಸ್ಗಾ ಚರ್ಚಿನಲ್ಲಿ ಹಾಡಿ, ಮರುದಿನ ಬೆಳಿಗ್ಗೆ ಊರಿನ ಹುಡುಗಿಯರ ಜೊತೆ ಜೈಲಿಗೂ ಹೋಗಿದ್ದಳು. ಆ ಜೈಲಿನಲ್ಲಿ ಅವಳು ಕಟ್ಟಿದ ಹಾಡು ಆಮೇಲೆ ಎಲ್ಲೆಲ್ಲಿಗೆ ಹೋಯಿತು! ಮೆರವಣಿಗೆಗಳಲ್ಲಿ, ಹೆಣದ ಪೆಟ್ಟಿಗೆಗಳ ಮುಂದೆ, ಕಡಲಾಚೆ ಭಾಷೆ ಬಾರದವರ ಬಾಯಲ್ಲಿ. ಇವತ್ತು ಮಧ್ಯಾಹ್ನ ಅದೇ ಚರ್ಚಿನಲ್ಲಿ ಅವಳಿಗೆ ಸನ್ಮಾನ. ಅದಕ್ಕೆ ಮುಂಚೆ ಊಟ. "ಸಿಸ್ಟರ್ ಅಲ್ಮೀಟಾ, ನೀವು ಅವರ ಜೊತೆ ಒಳಗಿದ್ದವರು, ಊಟ ನಿಮ್ಮ ಮನೇಲೇ ಆಗಬೇಕು," ಎಂದು ಪಾಸ್ಟರ್ ಸ್ಟಾಲಿಂಗ್ಸ್ ಎಲ್ಲರ ಎದುರು ಹೇಳಿದಾಗ ಅವಳು ಬೇಡವೆನ್ನಲು ಬಾಯಿ ತೆರೆದು ಆಗಲಿ ಎಂದಿದ್ದಳು. ಒಳಗಿದ್ದವರು. ಆ ಒಂದು ಮಾತು ಕೇಳಿದಾಗಲೆಲ್ಲ ಅವಳಿಗೆ ಯಾರದೋ ಅಳತೆಯ ಕೋಟು ತೊಟ್ಟು ಬೀದಿಯಲ್ಲಿ ನಿಂತಂತಾಗುತ್ತಿತ್ತು. ಚರ್ಚಿನ ಗೋಡೆಯ ಹಿತ್ತಾಳೆಯ ಫಲಕದಲ್ಲಿ, ಜೈಲಿಗೆ ಹೋದ ಹುಡುಗಿಯರ ಸಾಲಿನಲ್ಲಿ, ಅವಳ ಹೆಸರಿತ್ತು. ಹೈಸ್ಕೂಲಿನಲ್ಲಿ ಅವಳು ಭೂಗೋಳ ಕಲಿಸುವ ಮಕ್ಕಳು ವರ್ಷಕ್ಕೊಮ್ಮೆ ಆ ಫಲಕದ ಮುಂದೆ ಸಾಲಾಗಿ ನಿಂತು ಅವಳ ಹೆಸರನ್ನು ಗಟ್ಟಿಯಾಗಿ ಓದಿ, ತಿರುಗಿ ಅವಳ ಮುಖ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಇರುತ್ತಿದ್ದುದನ್ನು ಹೊರುವುದು ಅವಳಿಗೆ ಆಗುತ್ತಿರಲಿಲ್ಲ.

ಕೋಳಿಯ ಹಿಟ್ಟು ಗಾಳಿಗೆ ಹಾರಿ ಬಿಸಿಲ ಕೋಲಿನಲ್ಲಿ ತೇಲುತ್ತಿತ್ತು. ಆ ಗೋದಾಮಿನಲ್ಲೂ ಹೀಗೇ, ಹತ್ತಿಯ ಧೂಳು. ಊರಿನ ಜೈಲು ತುಂಬಿಹೋಗಿದೆಯೆಂದು ಹುಡುಗಿಯರನ್ನೆಲ್ಲ ಊರಾಚೆಯ ಹಳೆಯ ಹತ್ತಿ ಗೋದಾಮಿಗೆ ತುಂಬಿದ್ದರು. ಉಸಿರೆಳೆದರೆ ಗಂಟಲಿನ ತುದಿಗೆ ನಾರು ಅಂಟುತ್ತಿತ್ತು. ಮಾಡಿದ ತಪ್ಪು, ಬಿಳಿಯರಿಗಷ್ಟೇ ಮೀಸಲಾಗಿದ್ದ ಊರಿನ ಲೈಬ್ರರಿಗೆ ಮುಂಬಾಗಿಲಿನಿಂದ ಹೋಗಿ ಕುರ್ಚಿಗಳಲ್ಲಿ ಕುಳಿತದ್ದು. ಅಲ್ಮೀಟಾಗೆ ಆಗ ಹದಿನೈದು. ಹಿಂದಿನ ದಿನ ಚರ್ಚಿನಲ್ಲಿ ಕೊರೀನ್ ಹಾಡಿದ್ದನ್ನು ಕೇಳಿ ಮೈಮೇಲೆ ಬಂದವಳಂತೆ ಎಲ್ಲರ ಜೊತೆ ಹೊರಟಿದ್ದಳು. ಹಾಡು ಇಷ್ಟು ಮೆತ್ತಗಿರಬಹುದೆಂದು, ತಾಳ ಮುಂದೆ ಹೋಗುತ್ತಿದ್ದರೂ ಹಾಡುವವಳು ಅವಸರವಿಲ್ಲದೆ ಹಿಂದೆ ಉಳಿದು ತನಗೆ ಬೇಕಾದಾಗ ಬಂದು ಸೇರಬಹುದೆಂದು ಅವಳು ಅಲ್ಲಿಯವರೆಗೆ ತಿಳಿದಿರಲಿಲ್ಲ. ಆ ಸೋಮಾರಿ ನಡಿಗೆಯ ಹಾಡಿನಲ್ಲಿ ಯಾರಿಗೂ ತಲೆ ಬಾಗಿಸದ ಏನೋ ಒಂದಿತ್ತು. ಗೋದಾಮಿನಲ್ಲಿ ಅದೇ ಕೊರೀನ್ ಎತ್ತರ ಹಿಮ್ಮಡಿಯ ಹಸಿರು ಬೂಟುಗಳನ್ನು ಕಳಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಸಿಮೆಂಟಿನ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹುಡುಗಿಯರು ಅವಳ ಸುತ್ತ ಕುಳಿತು ಗಟ್ಟಿಯಾಗಿ ಹಾಡುತ್ತಿದ್ದರು. ಹೆದರುವುದಿಲ್ಲ, ಬಗ್ಗುವುದಿಲ್ಲ, ಆ ಥರದ ಹಾಡುಗಳು. ಅಲ್ಮೀಟಾಳೂ ಹಾಡಿದಳು. ಮೂಲೆಯ ಬಕೆಟ್ಟಿನ ನಾತದ ನಡುವೆ, ಎಲ್ಲರೆದುರು ಅದರ ಮೇಲೆ ಕೂರಲಾರದೆ ಹೊಟ್ಟೆ ಬಿಗಿಹಿಡಿದುಕೊಂಡು ಹಾಡಿದಳು.

"ಕಾರು ಬಂತು, ಕಾರು ಬಂತು," ಎಂದು ಜುವೆಲ್ ಹಿಟ್ಟಿನ ಕೈಯನ್ನೇ ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಎದ್ದಳು. "ಅಯ್ಯೋ ಮಾರಾಯ್ತಿ, ಇನ್ನೂ ಅರ್ಧ ಗಂಟೆ ಇತ್ತಲ್ಲ! ಆ ಪಾಸ್ಟರಿಗೆ ಪ್ರಾರ್ಥನೆ ಮುಗಿಸೋಕೆ ಗಡಿಯಾರ ಗೊತ್ತಾಗಲ್ಲ, ಊಟಕ್ಕೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ."

ಪಾಸ್ಟರ್ ಕಾರಿನ ಹಿಂಬಾಗಿಲು ತೆರೆದು ಹಿಡಿದಿದ್ದರು. ಮೊದಲು ಒಂದು ಕೋಲು ಹೊರಬಂತು, ಆಮೇಲೆ ಒಂದು ಪಾದ, ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಇಳಿದು ನಿಂತವಳನ್ನು ಕಂಡು ಅಲ್ಮೀಟಾಗೆ ಮೋಸವಾದಂತಾಯಿತು. ಇಷ್ಟು ಸಣ್ಣ ಹೆಂಗಸೇ? ನೆನಪಿನಲ್ಲಿದ್ದವಳು ಗೋದಾಮಿನ ತೊಲೆ ಮುಟ್ಟುತ್ತಿದ್ದಳು. ಈಕೆಯ ಭುಜ ಪಾಸ್ಟರರ ಮೊಣಕೈಗೆ ಬರುತ್ತಿತ್ತು. ಒತ್ತಾಗಿ ಕತ್ತರಿಸಿದ ಬಿಳಿ ಕೂದಲು ತಲೆಗೆ ಹತ್ತಿಯಂತೆ ಅಂಟಿತ್ತು. ಆದರೆ ಆಕೆ ಅಂಗಳದಲ್ಲೇ ನಿಂತು, ತಲೆ ಒಂದಿಷ್ಟು ವಾರೆ ಮಾಡಿ, ಬೀದಿಯ ಸದ್ದು, ಪಕ್ಕದ ಮನೆಯ ನಾಯಿ, ದೂರದ ಹೆದ್ದಾರಿಯ ಲಾರಿ, ಎಲ್ಲವನ್ನೂ ಒಂದೊಂದಾಗಿ ಕೇಳಿಸಿಕೊಂಡಳು. ಆ ಕೇಳಿಸಿಕೊಳ್ಳುವಿಕೆಯ ಗತ್ತಿಗೆ ಬೀದಿಯೇ ಒಂದು ಗಳಿಗೆ ಸರಿಯಾಗಿ ನಿಂತುಕೊಂಡಿತೇನೋ ಎನ್ನಿಸಿತು.

"ಮಿಸ್ ಕೊರೀನ್, ಇವರು ಸಿಸ್ಟರ್ ಅಲ್ಮೀಟಾ. ನಿಮ್ಮ ಜೊತೆ ಗೋದಾಮಿನಲ್ಲಿದ್ದವರು."

"ಓ, ಆಲ್ಬರ್ಟಾ," ಎಂದಳು ಮುದುಕಿ, ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು. ಕೈ ಬೆಚ್ಚಗೆ, ಕಾಗದದಷ್ಟು ಹಗುರವಾಗಿತ್ತು. "ಒಳಗೆ ಬಾತ್‌ರೂಮು ಎಲ್ಲಿದೆ ಮಗಳೇ? ಈ ಪಾಸ್ಟರ್ ಅಟ್ಲಾಂಟಾದಿಂದ ಒಂದು ಕಡೆಯೂ ನಿಲ್ಲಿಸಲಿಲ್ಲ. ದೇವರ ಮನುಷ್ಯರಿಗೆ ಮೂತ್ರಕೋಶ ಇರಲ್ಲವೇನೋ."

ಜುವೆಲ್ ಗೊಳ್ಳೆಂದು ನಕ್ಕಳು. ಅಲ್ಮೀಟಾಗೆ ನಗಲಾಗಲಿಲ್ಲ. ಆಲ್ಬರ್ಟಾ ಅಲ್ಲ ಎನ್ನಬೇಕಿತ್ತು, ಗಳಿಗೆ ದಾಟಿಹೋಗಿತ್ತು.

ಊಟದ ಮೇಜಿನಲ್ಲಿ ಕೊರೀನ್ ಸೊಪ್ಪನ್ನು ಎರಡು ಸಲ ಹಾಕಿಸಿಕೊಂಡಳು, ಕೋಳಿಯನ್ನು ಮುಟ್ಟಲಿಲ್ಲ, ಮೆಕ್ಕೆಜೋಳದ ಬ್ರೆಡ್ಡನ್ನು ಸೊಪ್ಪಿನ ರಸದಲ್ಲಿ ಅದ್ದಿ ಬೆರಳಿನಿಂದಲೇ ತಿಂದಳು. ಮರಳಿನ ಸದ್ದು ಬರಲಿಲ್ಲ. ಆಲ್ಬರ್ಟಾ, ಉಪ್ಪು ಕೊಡು. ಆಲ್ಬರ್ಟಾ, ಈ ಪರದೆ ಸ್ವಲ್ಪ ಸರಿಸು, ಕಣ್ಣಿಗೆ ಹೊಡೀತಿದೆ. ಪ್ರತಿ ಸಲವೂ ಜುವೆಲ್ ಮೇಜಿನ ಕೆಳಗೆ ತಂಗಿಯ ಕಾಲನ್ನು ಒತ್ತುತ್ತಿದ್ದಳು. ಪಾಸ್ಟರ್ ಒಂದೊಂದೇ ಪ್ರಶ್ನೆ ಕೇಳಿದರು, ಮುದುಕಿ ಅಗಿಯುತ್ತಲೇ ಉತ್ತರ ಕೊಟ್ಟಳು. ಸೇಂಟ್ ಲೂಯಿಸ್‌ನಲ್ಲಿ ಅಪ್ಪ ರೈಲಿನಲ್ಲಿ ಹಾಸಿಗೆ ಹಾಸುವ ಕೆಲಸದವನು. ರೈಲು ಹೋಗುವ ತಾಳ ಅವನ ನಡಿಗೆಯಲ್ಲೇ ಇತ್ತು, ತಾನು ಕಲಿತದ್ದು ಅಲ್ಲಿಂದ. ಕ್ಲಬ್ಬಿನವರು ಕೆಂಪು ಗೌನು ಹಾಕಿಸಿ, ಕೂದಲನ್ನು ಕಾಯಿಸಿ ನೆಟ್ಟಗೆ ಮಾಡಿಸಿ, ಪ್ರೀತಿ ಪ್ರೇಮದ ಹಾಡು ಮಾತ್ರ ಹಾಡು ಎಂದರು. ಒಂದು ದಿನ ಕನ್ನಡಿ ನೋಡಿಕೊಂಡಾಗ ಒಳಗಿದ್ದವಳು ಯಾರೋ ಎಂದು ತಿಳಿಯದೆ, ತಾನೇ ಕತ್ತರಿ ಹಿಡಿದು ಕೂದಲನ್ನು ಬುಡಕ್ಕೆ ಕತ್ತರಿಸಿದಳು.

"ಆಮೇಲೆ?" ಎಂದರು ಪಾಸ್ಟರ್.

"ಆಮೇಲೆ ಏನು, ಕ್ಲಬ್ಬಿನ ಮಾಲೀಕ ನೋಡಿ, 'ಕೊರೀನ್, ನಿನಗೆ ಜ್ವರ ಬಂದಿತ್ತಾ?' ಅಂದ. ಹೌದು ಕಣಪ್ಪಾ, ಈಗ ಬಿಟ್ಟಿತು ಅಂದೆ."

ಮೇಜೆಲ್ಲ ನಕ್ಕಿತು. ಜೈಲಿನ ಹಾಡು ಬಂದ ಮೇಲೆ ಬಿಳಿಯರ ರೇಡಿಯೊದವರು ಅವಳ ರೆಕಾರ್ಡುಗಳನ್ನು ಮುರಿದು ವಾಪಸು ಕಳಿಸಿದರು. ತುಂಡುಗಳು ಪೊಟ್ಟಣದಲ್ಲಿ ಬಂದವು. ಅದನ್ನು ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿದಳು. ಕರೆಯುವವರು ಇಲ್ಲವಾದರು. ಘಾನಾಕ್ಕೆ ಹೋಗಿ ಆಕ್ರಾ ನಗರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಹಲವು ವರ್ಷ ಇದ್ದಳು. ಅಲ್ಲಿ ಒಂದು ದಿನ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರು ಪೊಲೀಸರ ಮೇಲೆ ಸಿಟ್ಟಿಗೆದ್ದು ಇವಳದೇ ಹಾಡನ್ನು ತಮ್ಮ ಭಾಷೆಯಲ್ಲಿ ಹಾಡುತ್ತಾ ಎದುರು ಬಂದರು. ಯಾರ ಹಾಡು ಇದು ಎಂದು ಇವಳು ಕೇಳಿದ್ದಕ್ಕೆ ಒಬ್ಬಳು, "ನಮ್ಮಜ್ಜಿಯರ ಕಾಲದ್ದು, ನಿನ್ನಂಥ ಪರದೇಶದೋಳಿಗೆ ತಿಳಿಯಲ್ಲ, ಅತ್ತ ಸರಿ," ಎಂದಳಂತೆ.

"ನೀವು ಹೇಳಲಿಲ್ಲವಾ, ಅದು ನನ್ನದು ಅಂತ?" ಜುವೆಲ್ ಕೇಳಿದಳು.

"ಅವಳ ಕೈಯಲ್ಲಿ ಇಷ್ಟುದ್ದದ ಮೀನಿತ್ತು," ಎಂದು ಕೊರೀನ್ ಕೈ ಅಗಲಿಸಿ ತೋರಿಸಿದಳು. ಆಮೇಲೆ ನಗು ಇಳಿದು, "ಅಷ್ಟಕ್ಕೂ ನನ್ನದು ಅನ್ನೋಕೆ ಅದು ನನ್ನದಾಗಿತ್ತಾ?" ಎಂದಳು.

ಅಲ್ಮೀಟಾಳ ಕೈಯಲ್ಲಿದ್ದ ಜಗ್ಗು ಗ್ಲಾಸಿನ ಅಂಚಿಗೆ ತಾಗಿತು. ಪಾಸ್ಟರ್ ಉತ್ಸಾಹದಿಂದ ಮುಂದಕ್ಕೆ ಬಾಗಿದರು. "ಹಾಡಿನ ಮಾತು ಮೊದಲು ಅಂದ ಆ ಹುಡುಗಿಯದು ಅಲ್ಲವಾ ಮಿಸ್ ಕೊರೀನ್? ಆ ಕಥೆ ನಮ್ಮೂರಿನ ಮಗು ಮಗುವಿಗೂ ಗೊತ್ತು. ಬೂಟು ಕಳಚಿ ಕಂಬಿಗೆ ಕುಟ್ಟಿ, ಶೆರಿಫನ ಕಣ್ಣಲ್ಲಿ ಕಣ್ಣಿಟ್ಟು, 'ಮನೆಗೆ ಹೋಗಬೇಕು ನಾನು!' ಅಂತ ಗುಡುಗಿದಳಂತೆ. ಲೆನೋರಾ ಅಂತ. ಪುಣ್ಯಾತ್ಗಿತ್ತಿ, ತೀರಿಕೊಂಡರು."

ಕೊರೀನ್ ಬ್ರೆಡ್ಡಿನ ಚೂರಿನಿಂದ ತಟ್ಟೆಯ ರಸವನ್ನು ನಿಧಾನವಾಗಿ ಒರೆಸಿ ಬಾಯಿಗಿಟ್ಟುಕೊಂಡಳು. "ಹಾಗಂತಾರಾ," ಎಂದಳು. "ಮುಖಗಳು ನನಗೆ ನಿಲ್ಲಲ್ಲ ಪಾಸ್ಟರ್. ಯಾವತ್ತೂ ನಿಂತಿಲ್ಲ." ಆಮೇಲೆ ಕಣ್ಣು ಎಳೆಯುತ್ತಿದೆ, ಸ್ವಲ್ಪ ಮಲಗುತ್ತೇನೆ ಎಂದಳು.

ಪಾಸ್ಟರ್ ಚರ್ಚಿನ ಏರ್ಪಾಡಿಗೆ ಹೊರಟರು. ಜುವೆಲ್ ತಟ್ಟೆಗಳ ಮುಂದೆ ನಿಂತಳು. ಸೋಫಾದ ಮೇಲೆ ಮುದುಕಿ ಬಾಯಿ ತುಸು ತೆರೆದು ನಿದ್ದೆಹೋಗಿದ್ದಳು. ಅಲ್ಮೀಟಾ ಎದುರಿನ ಕುರ್ಚಿಯಲ್ಲಿ ಸದ್ದಿಲ್ಲದೆ ಕುಳಿತಳು. ಮುಖ ನೆನಪಿಲ್ಲವಂತೆ. ಬೆಳಿಗ್ಗೆಯಿಂದ ಹೊತ್ತಿದ್ದ ಭಯ ಇಳಿಯಬೇಕಿತ್ತು. ಇಳಿದ ಜಾಗದಲ್ಲಿ ಇನ್ನೇನೋ ಚುಚ್ಚಿತು. ತನ್ನನ್ನು ಗುರುತು ಹಿಡಿದುಬಿಡುತ್ತಾಳೆಂದು ಹೆದರಿದ್ದವಳಿಗೆ ಗುರುತು ಹಿಡಿಯಲಿಲ್ಲವೆಂದು ನೋವಾಗುವುದೆಂದರೆ ಎಂಥ ನಾಚಿಕೆಗೇಡು. ಗೋದಾಮಿನಲ್ಲಿ ಜೊತೆಗಿದ್ದ ಲೆನೋರಾ, ಆ ಹುಡುಗಿ ತಾನೇ ಎಂದು ಸಾಯುವತನಕ ಹೇಳಿಕೊಂಡಿದ್ದಳು. ಹೇಳಿ ಹೇಳಿ ಅವಳಿಗೇ ನಿಜವಾಗಿತ್ತು. ಬೂಟು, ಗುಡುಗು, ಕಣ್ಣಲ್ಲಿ ಕಣ್ಣು, ಎಲ್ಲ ಸೇರಿದ್ದು ಅವಳ ಬಾಯಲ್ಲೇ. ಅಲ್ಮೀಟಾ ಅಲ್ಲಗಳೆಯಲಿಲ್ಲ. ಅಲ್ಲಗಳೆದರೆ ಉಳಿಯುತ್ತಿದ್ದುದು ಏನು?

ಉಳಿಯುತ್ತಿದ್ದುದು ಒಂದು ಬಾಗಿಲು. ಗೋದಾಮಿನ ಕಬ್ಬಿಣದ ಬಾಗಿಲು ಮಧ್ಯಾಹ್ನದ ಬಿಸಿಲಿಗೆ ಕಿರ್ರೆಂದು ತೆರೆದುಕೊಂಡಿತ್ತು. ಶೆರಿಫ್ ಹೊಸ್ತಿಲಲ್ಲಿ ನಿಂತು, "ಏ ಹಾಡುಗಾರ್ತಿ, ನಿನ್ನ ನ್ಯೂಯಾರ್ಕಿನೋರು ಜಾಮೀನು ಕಟ್ಟಿದಾರೆ. ಬೂಟು ಹಾಕ್ಕೊಂಡು ನಡಿ," ಎಂದ. ಹುಡುಗಿಯರ ಹಾಡು ನಿಂತಿತು. ಕೊರೀನ್ ಕೂತಲ್ಲಿಂದ ಕೇಳಿದಳು, "ಈ ಮಕ್ಕಳನ್ನೂ ಬಿಡ್ತೀರಾ?" ಇಲ್ಲವೆಂದ. "ಹಾಗಾದರೆ ನನಗೆ ಇಲ್ಲೇ ಚೆನ್ನಾಗಿದೆ," ಎಂದು ಅವಳು ಹಸಿರು ಬೂಟುಗಳನ್ನು ಇನ್ನಷ್ಟು ದೂರಕ್ಕೆ ತಳ್ಳಿದಳು. ಮನುಷ್ಯರು ಹೀಗೂ ಮಾಡಬಹುದೇ? ತೆರೆದ ಬಾಗಿಲನ್ನು, ಅದರಾಚೆಯ ಕಾರನ್ನು, ಸ್ನಾನವನ್ನು, ಮೆತ್ತನೆಯ ಹಾಸಿಗೆಯನ್ನು ಬರಿಗಾಲಲ್ಲಿ ತಳ್ಳಿಬಿಡಬಹುದೇ? ಆ ಬೆರಗಿನಲ್ಲೇ ಅಲ್ಮೀಟಾ ಬಾಗಿಲಿನ ಸಂದಿಯಲ್ಲಿ ಬಿಸಿಲನ್ನು ಕಂಡಳು. ಬಿಸಿಲಿನಲ್ಲಿ ಒಂದು ಪೊದೆ, ಪೊದೆಯ ಮೇಲೆ ಒಂದು ಹಕ್ಕಿ. ಬಾಗಿಲು ಮುಚ್ಚತೊಡಗಿತು. ಅವಳ ಕಾಲು ತಾನಾಗಿ ಓಡಿತು. ಬಾಗಿಲಿನ ಕಂಬಿ ಹಿಡಿದು, ಮೂಗಿನ ಸಿಂಬಳ ಬಾಯಿಗೆ ಇಳಿಯುತ್ತಿದ್ದಂತೆ, "ಸಾರ್, ನನ್ನ ಬಿಟ್ಬಿಡಿ ಸಾರ್, ಮನೆಗೆ ಹೋಗಬೇಕು ನಾನು, ಮನೆಗೆ ಹೋಗಬೇಕು," ಎಂದು ಗೋಗರೆದಳು. ಮನೆ ಎನ್ನುವಲ್ಲಿ ದನಿ ಒಡೆದು ಕುರಿಮರಿಯ ಹಾಗೆ ಮೇಲಕ್ಕೆ ಹೋಯಿತು. ಶೆರಿಫ್ ನಕ್ಕ. ಬೀಗ ಬಿತ್ತು. ಹಿಂದಿನಿಂದ, ಎಲ್ಲರೂ ಮುಖ ತಿರುಗಿಸಿದ್ದ ಆ ಮೌನದಲ್ಲಿ, ಕೊರೀನ್ ಟ್ರಾಸ್ಕ್ ಬಹಳ ಮೆಲ್ಲಗೆ ಅದೇ ಮಾತನ್ನು ತನ್ನಷ್ಟಕ್ಕೆ ತಾನೇ ಅಂದುಕೊಂಡಳು. ಮನೆಗೆ ಹೋಗಬೇಕು ನಾನು. ಮತ್ತೊಮ್ಮೆ ಅಂದಳು. ಅಣಕಿಸುತ್ತಿದ್ದಾಳೆ ಎಂದುಕೊಂಡ ಅಲ್ಮೀಟಾ ಸತ್ತುಹೋಗಬಾರದೇ ಎಂದು ಮೊಣಕಾಲಿನಲ್ಲಿ ಮುಖ ಹುದುಗಿಸಿದ್ದಳು. ಆಮೇಲಿನ ದಿನಗಳನ್ನು ಅವಳೂ ಎಲ್ಲರ ಹಾಗೆ ಅಲ್ಲೇ ಕಳೆದಳು. ಧೈರ್ಯದಿಂದಲ್ಲ, ಬಾಗಿಲು ತೆಗೆಯಲಿಲ್ಲ, ಅದಕ್ಕೆ.

ಹಾಡನ್ನು ಮೊದಲು ಕೇಳಿದ್ದು ಹೆಂಗಸರ ಕೂದಲು ಸಿಂಗರಿಸುವ ಅಂಗಡಿಯಲ್ಲಿ, ತಲೆಗೆ ಬಿಸಿ ಗಾಳಿಯ ಟೋಪಿ ಹಾಕಿಸಿಕೊಂಡು ಕುಳಿತಿದ್ದಾಗ. ರೇಡಿಯೊದಲ್ಲಿ ತನ್ನ ಮಾತು! ಅಂಗಡಿಯ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು. ಅಲ್ಮೀಟಾ ಅರೆ ಒದ್ದೆ ಕೂದಲಿನಲ್ಲೇ ಎದ್ದು ಬೀದಿಗೆ ಓಡಿದ್ದಳು. ಅಲ್ಲಿಂದೀಚೆಗೆ ಆ ರೆಕಾರ್ಡನ್ನು ಪೂರ್ತಿ ಕೇಳಿದ್ದೇ ಇಲ್ಲ. ಜನ ಹಾಡುವುದು ಬೇರೆ ಮಾತು. ಜನ ಹಾಡುವಾಗ ಚಪ್ಪಾಳೆ, ಡ್ರಮ್ಮು, ಎತ್ತಿದ ಮುಷ್ಟಿಗಳ ಗದ್ದಲದಲ್ಲಿ ಅದು ತನ್ನದಲ್ಲವೆಂದುಕೊಳ್ಳುವುದು ಸುಲಭವಾಗಿತ್ತು. ಮುಷ್ಟಿ ಎತ್ತಿದವರಿಗೆ ಮನೆ ಎಂದರೆ ಲೈಬ್ರರಿ, ಮತಗಟ್ಟೆ, ಈ ದೇಶ, ಈ ಭೂಮಿ. ಅವಳಿಗೆ ಮನೆ ಎಂದದ್ದು ಅಮ್ಮನ ಅಡುಗೆಮನೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಪಾಯಿಖಾನೆ. ಅಷ್ಟೇ.

"ಏನು ನೋಡ್ತಿದ್ದೀ ಮಗಳೇ?" ಕೊರೀನ್ ಕಣ್ಣು ತೆರೆಯದೆಯೇ ಕೇಳಿದಳು.

"ಏನಿಲ್ಲ ಮಿಸ್ ಕೊರೀನ್. ಹೊತ್ತಾಯಿತು."

"ಬೂಟು ಹಾಕಿಕೊಡು. ಬಗ್ಗೋಕಾಗಲ್ಲ ನನಗೆ."

ಅಲ್ಮೀಟಾ ನೆಲದ ಮೇಲೆ ಕುಳಿತು ಆ ಪಾದಗಳನ್ನು ಮಡಿಲಿಗೆ ತೆಗೆದುಕೊಂಡಳು. ಊದಿಕೊಂಡ, ಗಂಟು ಗಂಟಾದ, ತಣ್ಣಗಿನ ಪಾದಗಳು. ಎಷ್ಟೊಂದು ಬಾಗಿಲುಗಳವರೆಗೆ ನಡೆದು, ಎಷ್ಟೊಂದು ಬಾಗಿಲುಗಳನ್ನು ಹಿಂದೆ ಬಿಟ್ಟು ಬಂದ ಪಾದಗಳು ಇವು. ಅವಳು ಲೇಸನ್ನು ಕಟ್ಟಿ, ಬಿಚ್ಚಿ, ಇನ್ನೂ ಸಡಿಲವಾಗಿ ಮತ್ತೆ ಕಟ್ಟಿದಳು.

"ನನ್ನ ದನಿ ಹೋಗಿದೆ, ಗೊತ್ತಾ?" ಎಂದಳು ಕೊರೀನ್, ಮೇಲಿನಿಂದ. "ಮೇಲಿನ ಸ್ವರ ಒಂದೂ ಹತ್ತಲ್ಲ. ಕೆಳಗಿನದು ಮುರಿದ ಬಾಗಿಲ ಹಾಗೆ. ಅವರೆಲ್ಲ ಕೂತಿರ್ತಾರೆ, ಹಾಡು ಅಂತಾರೆ. ನನಗೆ ಹೆದರಿಕೆ ಆಗ್ತಿದೆ."

"ನಿಮಗಾ?" ತಲೆಯೆತ್ತಿದ ಅಲ್ಮೀಟಾಳ ದನಿಯಲ್ಲಿ ಮಕ್ಕಳ ಅಪನಂಬಿಕೆಯಿತ್ತು.

"ನನಗಲ್ಲದೆ ನಿಮ್ಮ ಪಾಸ್ಟರಿಗಾ? ಅವರಿಗೆ ಭಯ ಅಂದರೆ ಊಟ ತಡವಾಗೋದು." ಮುದುಕಿ ಕೋಲಿಗೆ ಕೈಚಾಚಿದಳು. "ಹೆದರದೆ ಒಂದು ದಿನವೂ ನಾನು ಮೈಕಿನ ಮುಂದೆ ನಿಂತಿಲ್ಲ ಕಣೇ. ನಡುಗೋ ಮಂಡಿಗಳನ್ನ ಮುಚ್ಚೋಕೇ ಆ ಉದ್ದ ಗೌನು ಹಾಕ್ತಿದ್ದೆ. ನಡಿ, ಎಬ್ಬಿಸು ನನ್ನ."

ಚರ್ಚು ಕಿಕ್ಕಿರಿದಿತ್ತು. ಕಿಟಕಿಗಳ ಕಟ್ಟೆಯ ಮೇಲೂ ಜನ. ಕಾಗದದ ಬೀಸಣಿಗೆಗಳು ಒಂದೇ ಸಮ ಅಲ್ಲಾಡುತ್ತಿದ್ದವು. ಕೋಲೂರಿಕೊಂಡು ಕೊರೀನ್ ಒಳಗೆ ಕಾಲಿಟ್ಟದ್ದೇ ತಡ, ಆರ್ಗನ್ ಮೊಳಗಿತು, ಡ್ರಮ್ಮು ಬಿತ್ತು, ಇಡೀ ಸಭೆ ಎದ್ದು ನಿಂತು ಅವಳ ಹಾಡನ್ನು ಅವಳಿಗೇ ಹಾಡಿತು. ಮನೆಗೆ ಹೋಗಬೇಕು ನಾನು! ತೊಲೆಗಳು ಅದುರುವ ಹಾಗೆ. ಜುವೆಲ್ ಪಕ್ಕದಲ್ಲಿ ಸೊಂಟ ಕುಣಿಸುತ್ತಾ ಚಪ್ಪಾಳೆ ತಟ್ಟುತ್ತಿದ್ದಳು. ಎರಡನೆಯ ಸಾಲಿನ ಅಂಚಿನಲ್ಲಿ ಅಲ್ಮೀಟಾ ನಿಂತಿದ್ದಳು. ಕೊರೀನ್ ವೇದಿಕೆ ಹತ್ತಿ, ತಿರುಗಿ, ಬಹಳ ಹೊತ್ತು ತಲೆ ವಾರೆ ಮಾಡಿ ಕೇಳಿದಳು. ಆಮೇಲೆ ಕೋಲನ್ನು ಎತ್ತಿ ಪ್ರವಚನದ ಮರದ ಪೀಠಕ್ಕೆ ಟಕ್ಕೆಂದು ಹೊಡೆದಳು. ಇನ್ನೊಮ್ಮೆ ಹೊಡೆದಳು. ಹಾಡು ತುಂಡು ತುಂಡಾಗಿ ನಿಂತಿತು.

"ಕೂತ್ಕೊಳ್ಳಿ," ಎಂದಳು. "ಯಾರು ಕಲಿಸಿದ್ದು ನಿಮಗೆ ಇದನ್ನ? ಫುಟ್‌ಬಾಲ್ ಗೆದ್ದು ಬಂದೋರ ಹಾಗೆ ಹಾಡ್ತಿದ್ದೀರಲ್ಲ."

ನಗು ಎದ್ದಿತು, ಆಕೆ ನಗಲಿಲ್ಲ. ನಗು ತಾನಾಗಿ ಆರಿತು. ಪಾಸ್ಟರ್ ನೀರಿನ ಗ್ಲಾಸು ಹಿಡಿದು ನಿಂತಲ್ಲೇ ನಿಂತರು.

"ಈ ಹಾಡು ಧೈರ್ಯಸ್ಥರದಲ್ಲ. ನಾನು ಅದನ್ನ ಯಾವತ್ತೋ ಹೇಳಬೇಕಿತ್ತು. ಚಪ್ಪಾಳೆ ಬೀಳ್ತಿತ್ತು, ಸುಮ್ಮನಿದ್ದೆ. ಆ ಗೋದಾಮಿನಲ್ಲಿ ನಾವೆಲ್ಲ ಧೈರ್ಯದ ಹಾಡು ಹಾಡ್ತಿದ್ದೆವು. ನಾನು ಎಲ್ಲರಿಗಿಂತ ಜೋರಾಗಿ. ಶೆರಿಫ್ ಬಾಗಿಲು ತೆಗೆದಾಗ ನಾನು ಹೋಗಲ್ಲ ಅಂದೆ. ಹೌದು, ಅಂದೆ. ಎಲ್ಲರೂ ನೋಡ್ತಿದ್ದರಲ್ಲ, ಇನ್ನೇನು ಅಂತೀರಿ? ಒಳಗೆ ನನ್ನ ಕರುಳು ನೀರಾಗಿತ್ತು. ಆಗ ಒಂದು ಮಗು ಎದ್ದು ಓಡಿತು. ಬೂಟಿಲ್ಲ ಗೀಟಿಲ್ಲ, ಪಾಸ್ಟರ್. ಗುಡುಗಿಲ್ಲ. ಆ ಮಗು ಬೇಡಿಕೊಂಡಿತು. ಅಲ್ಲಿದ್ದ ನಮ್ಮೆಲ್ಲರ ಹೊಟ್ಟೆಯೊಳಗಿದ್ದದ್ದು ಅದೊಂದರ ಬಾಯಿಗೆ ಬಂತು. ನಾನು ಅಷ್ಟು ವರ್ಷ ಹಾಡಿದ್ದೆ, ಹೆಸರು ಮಾಡಿದ್ದೆ. ಅಂಥ ಒಂದು ನಿಜವಾದ ಸ್ವರ ನನ್ನ ಗಂಟಲಿಂದ ಒಂದು ದಿನವೂ ಬಂದಿರಲಿಲ್ಲ. ಅದನ್ನ ಹಿಡಿಯೋಕೆ ಇಡೀ ಮಧ್ಯಾಹ್ನ ಗುನುಗಿದೆ. ಆ ಮುಖ ನನಗೆ ನೆನಪಿಲ್ಲ. ಆ ದನಿ ಮರೆತರೆ ನಾನು ಸತ್ತ ಹಾಗೆ. ಕೇಳಿ."

ಅವಳು ಪೀಠದ ಅಂಚನ್ನು ಎರಡೂ ಕೈಯಲ್ಲಿ ಕಂಬಿ ಹಿಡಿದ ಹಾಗೆ ಹಿಡಿದಳು. ಆರ್ಗನ್ನಿಲ್ಲ, ತಾಳವಿಲ್ಲ. ಮುರಿದ ಬಾಗಿಲಿನಂಥ ಆ ಕೆಳ ದನಿಯಿಂದ ಮಾತು ಹೊರಟು, ಮನೆ ಎನ್ನುವಲ್ಲಿ ಒಡೆದು, ಕುರಿಮರಿಯ ಸಣ್ಣ ಕೀರಲಾಗಿ ಮೇಲಕ್ಕೆ ಹೋಗಿ, ಅಲ್ಲೇ ಬಿಕ್ಕಿ ನಿಂತು, ಕೆಳಗಿಳಿಯುವ ದಾರಿ ಕಾಣದೆ ಒದ್ದಾಡಿತು. ಎಪ್ಪತ್ತು ದಾಟಿದ ಮುದುಕಿಯ ಬಾಯಿಂದ ಹದಿನೈದರ ಹುಡುಗಿ. ಸಿಂಬಳ ನುಂಗಿದ ಸಣ್ಣ ತಡೆ ಕೂಡ ಇತ್ತು. ಯಾವುದೂ ತಿದ್ದಿರಲಿಲ್ಲ, ಯಾವುದೂ ಮುಚ್ಚಿರಲಿಲ್ಲ. ಮೂವತ್ತು ವರ್ಷ ಅದನ್ನು ಇದ್ದ ಹಾಗೆಯೇ, ಒಂದು ಕೂದಲೂ ಕೊಂಕದ ಹಾಗೆ, ಯಾರೋ ಎದೆಯಲ್ಲಿಟ್ಟು ಕಾಪಾಡಿದ್ದರು. ಬೀಸಣಿಗೆಗಳು ನಿಂತಿದ್ದವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೋದಾಮಿನ ಹಳೆಯ ಗೆಳತಿಯರು, ಈಗ ಅಜ್ಜಿಯರಾದವರು, ಬಾಯಿಗೆ ಕೈ ಒತ್ತಿಕೊಂಡಿದ್ದರು. ಅವರಲ್ಲಿ ಒಬ್ಬಳ ಭುಜ ಅದುರತೊಡಗಿತು.

"ಈಗ ನೀವು," ಎಂದಳು ಕೊರೀನ್. "ಹೆದರಿದೋರ ಹಾಗೆ. ಹೆದರಿಕೆ ಯಾರಿಗೂ ಹೇಳಿಕೊಡಬೇಕಾಗಿಲ್ಲ ಅಂದ್ಕೋತೀನಿ."

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಗಂಡಸು, ಒರಟು ದನಿಯವನು, ನಾಚಿಕೆಯಿಂದ ಶುರು ಮಾಡಿದ. ಅವನ ದನಿಯೂ ಅಲ್ಲೇ ಒಡೆಯಿತು. ಇನ್ನೊಬ್ಬಳು ಸೇರಿದಳು. ಇಷ್ಟು ಜನ ಇಷ್ಟು ಮೆಲ್ಲಗೆ ಹಾಡಬಲ್ಲರೆಂದು ಅಲ್ಮೀಟಾ ತಿಳಿದಿರಲಿಲ್ಲ. ಕಾಲಡಿಯ ಮರದ ನೆಲ ಸಣ್ಣಗೆ ನಡುಗುತ್ತಿತ್ತು. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಗೋಡೆ ಹಿಡಿದುಕೊಂಡು, ಜನರ ಮೊಣಕಾಲುಗಳನ್ನು ದಾಟಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಹೊರಗೆ ಬಿಸಿಲು, ಸಾಲು ನಿಂತ ಕಾರುಗಳು, ಯಾರದೋ ಮಗುವಿನ ಒಂಟಿ ಕಾಲುಚೀಲ. ಒಳಗೆ ಅವಳ ಹೆದರಿಕೆ ನೂರಾರು ಎದೆಗಳಲ್ಲಿ ಏಕಕಾಲಕ್ಕೆ ಉಸಿರಾಡುತ್ತಿತ್ತು. ಅದು ಇಷ್ಟು ದೊಡ್ಡದಾಗಿತ್ತೇ? ಇಷ್ಟು ಸುಂದರವಾಗಿತ್ತೇ? ಅದರೊಳಗೆ ಎಲ್ಲರೂ ಹಿಡಿಸುತ್ತಿದ್ದರು; ಕೊರೀನ್ ಟ್ರಾಸ್ಕ್ ಕೂಡ, ಮೀನು ಹಿಡಿದ ಆ ಹೆಂಗಸೂ ಕೂಡ, ಸತ್ತುಹೋದ ಲೆನೋರಾ ಕೂಡ.

ಬಾಗಿಲು ತೆರೆದು ಮುಚ್ಚಿತು. ಜುವೆಲ್ ಬಂದು ಪಕ್ಕದಲ್ಲಿ ಕುಳಿತಳು. ಅವಳ ಮುಖದ ಪೌಡರು ಕಣ್ಣೀರಿಗೆ ಗೆರೆಗೆರೆಯಾಗಿತ್ತು. ತಂಗಿಯ ಮುಖವನ್ನೇ ನೋಡಿದಳು.

"ಅಲ್ಮೀಟಾ, ಆ ಮುದುಕಿ ಅಲ್ಲಿ ನಿಂತು ಅತ್ತಳಲ್ಲ ಕಣೇ," ಎಂದಳು ಕೊನೆಗೆ, ದನಿ ತಗ್ಗಿಸಿ. "ಅಮ್ಮ ಬೈದಾಗ ನೀನು ಹಿತ್ತಲ ಬಾಗಿಲ ಹಿಂದೆ ನಿಂತು ಅಳ್ತಿದ್ದೆಯಲ್ಲ, ಥೇಟು ಹಾಗೇ. ನಿನ್ನದೇ ಅಳು. ನಾನು ಎಲ್ಲಿ ಕೇಳಿದರೂ ಹೇಳ್ತೀನಿ ಅದನ್ನ."

ಅಲ್ಮೀಟಾ ಅಕ್ಕನ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ಶ್," ಎಂದಳು. "ಸುಮ್ಮನಿರು. ಕೇಳೋಣ."